ಅವಳೇ ತಳ್ಳಿದ ಸ್ಟ್ರೆಚರ್

ಆಪರೇಷನ್ ಯಶಸ್ವಿಯಾಯಿತು ಎಂದು ಎಲ್ಲರೂ ಹೇಳಿದರು. ದೊಡ್ಡ ಡಾಕ್ಟರು ಹೇಳಿದರು. ಅವರ ಹಿಂದೆ ನಿಂತಿದ್ದ ಸಣ್ಣ ಡಾಕ್ಟರು ಹೇಳಿದರು. ಹೊಲಿಗೆ ನೋಡಲು ಬಂದ ನರ್ಸಮ್ಮ ಹೇಳಿದಳು. ಮಂಚದ ತುದಿಗೆ ನೇತುಹಾಕಿದ್ದ ಹಾಳೆಯಲ್ಲೂ ಹಾಗೆಯೇ ಬರೆದಿತ್ತು. ಬಲಗಾಲಿಗೆ ಮಾತ್ರ ಯಾರೂ ತಿಳಿಸಿರಲಿಲ್ಲ. ಅದು ಪಾದ ಇಳಿಬಿಟ್ಟುಕೊಂಡು ತನ್ನ ಪಾಡಿಗೆ ತಾನು ಬಿದ್ದಿತ್ತು.

ಮಂಚದ ಮೇಲಿದ್ದವಳು ಹೊರಗಿನವಳಲ್ಲ. ಅದೇ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷದಿಂದ ಆಯಾ. ಎಲ್ಲರ ಬಾಯಲ್ಲೂ ಅವಳು ಕ್ರೇನಕ್ಕ. ಮಂಚದಿಂದ ಸ್ಟ್ರೆಚರಿಗೆ, ಸ್ಟ್ರೆಚರಿನಿಂದ ಎಕ್ಸ್‌ರೇ ಮೇಜಿಗೆ, ಮೇಜಿನಿಂದ ಮತ್ತೆ ಮಂಚಕ್ಕೆ ಮನುಷ್ಯರನ್ನು ಎತ್ತಿಹಾಕುವುದು ಅವಳ ಕೆಲಸ. ಬೆನ್ನು ಹುಣ್ಣಾಗದಂತೆ ಎರಡೆರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು. ಮಲದ ಪಾತ್ರೆ ಇಡಲು ಸೊಂಟ ಎತ್ತಿ ಹಿಡಿಯುವುದು. ಸತ್ತವರನ್ನು ಇಳಿಸುವುದು. ಸತ್ತವರು ಬದುಕಿದ್ದವರಿಗಿಂತ ಭಾರ. ಆದರೆ ಅವರು ಬಯ್ಯುವುದಿಲ್ಲ.

ಎತ್ತಲು ಆಸ್ಪತ್ರೆಯಲ್ಲಿ ಒಂದು ಯಂತ್ರವೂ ಇತ್ತು. ಯಾರೋ ದಾನಿಗಳು ಕೊಟ್ಟದ್ದು. ವಾರ್ಡುಗಳ ನಡುವಿನ ಓಣಿಯ ಕೊನೆಯಲ್ಲಿ ಬಿಳಿ ಬಟ್ಟೆ ಹೊದ್ದು ನಿಂತಿತ್ತು. ತಪಾಸಣೆಯವರು ಬಂದಾಗ ಬಟ್ಟೆ ತೆಗೆಯುತ್ತಿದ್ದರು, ಹೋದ ಮೇಲೆ ಮತ್ತೆ ಹೊದಿಸುತ್ತಿದ್ದರು. ಬಳಸಿದರೆ ಯಂತ್ರ ಸವೆಯುತ್ತದೆ. ಕೆಟ್ಟರೆ ರಿಪೇರಿಯವನನ್ನು ಕರೆಸಬೇಕು. ಕ್ರೇನಕ್ಕನ ವಿಷಯದಲ್ಲಿ ಆ ತಾಪತ್ರಯ ಇರಲಿಲ್ಲ.

ಒಂದು ದಿನ ಬಚ್ಚಲಲ್ಲಿ ಭಾರಿ ಮೈಯ ರೋಗಿಯೊಬ್ಬ ಕಾಲು ಜಾರಿದ. ತಲೆ ಕಲ್ಲಿಗೆ ಬಡಿಯುವ ಮೊದಲೇ ಅವಳು ಅವನ ಕಂಕುಳಿಗೆ ಕೈಹಾಕಿ ತಡೆದಳು. ಅವಳ ಸೊಂಟದೊಳಗೆ ಒಣಕಡ್ಡಿ ಮುರಿದಂತೆ ಏನೋ ಲಟಕ್ ಎಂದಿತು. ಆತನಿಗೆ ಒಂದು ಗೀರೂ ಆಗಲಿಲ್ಲ. ಆತನ ಹೆಂಡತಿ ಮೇಲೆ ನೋಡಿ ದೇವರಿಗೆ ಕೈಮುಗಿದಳು. ಕೆಳಗೆ ನೆಲದ ಮೇಲೆ ಒಬ್ಬಳು ಎದ್ದೇಳಲಾಗದೆ ಕೂತಿದ್ದಳು, ಅತ್ತ ನೋಡಲು ಪುರುಸೊತ್ತಾಗಲಿಲ್ಲ. ಸೂಪರ್‌ವೈಸರ್ ಓಡಿಬಂದು ಕೇಳಿದ:

"ನೆಲ ಯಾಕೆ ಒದ್ದೆ ಇತ್ತು?"

ಬಚ್ಚಲ ನೆಲ ಒದ್ದೆ ಇರುವುದಕ್ಕೆ ಅವಳ ಬಳಿ ಕಾರಣವಿರಲಿಲ್ಲ.

ಅಲ್ಲಿಂದ ನಾಲ್ಕು ತಿಂಗಳು ಸೊಂಟದಿಂದ ಮೀನಖಂಡದವರೆಗೆ ಕಾದ ತಂತಿ ಎಳೆದಂತೆ ನೋವು. ಬೆಲ್ಟು ಬಿಗಿದುಕೊಂಡು, ಗುಳಿಗೆ ನುಂಗಿಕೊಂಡು ಎತ್ತಿದಳು. ನೋವಿತ್ತು. ಆದರೆ ಕಾಲು ಅವಳ ಮಾತು ಕೇಳುತ್ತಿತ್ತು. ಏಳೆಂದರೆ ಏಳುತ್ತಿತ್ತು, ನಡೆಯೆಂದರೆ ನಡೆಯುತ್ತಿತ್ತು. ಕೊನೆಗೆ ದೊಡ್ಡ ಡಾಕ್ಟರು ಸ್ಕ್ಯಾನಿನ ಫಿಲಂ ಬೆಳಕಿಗೆ ಹಿಡಿದು ನೋಡಿದರು. ಬೆನ್ನುಮೂಳೆಯ ನಡುವಿನ ಡಿಸ್ಕು ಉಬ್ಬಿ ನರವನ್ನು ಒತ್ತುತ್ತಿದೆ ಎಂದರು.

"ಸಣ್ಣ ಆಪರೇಷನ್. ನೀನು ನಮ್ಮ ಮನೆಮಗಳಿದ್ದ ಹಾಗೆ. ನಾನೇ ಮಾಡ್ತೀನಿ."

"ಅಪಾಯ ಗಿಪಾಯ ಏನಾದ್ರೂ ಇದ್ಯಾ ಸಾರ್?"

"ರಸ್ತೆ ದಾಟೋದ್ರಲ್ಲೂ ಅಪಾಯ ಇದೆ."

ಅವಳು ನಲವತ್ತಾರು ವರ್ಷದಿಂದ ರಸ್ತೆ ದಾಟುತ್ತಿದ್ದಳು. ಅದಕ್ಕಾಗಿ ಯಾರೂ ಅವಳ ಬೆನ್ನು ಕೊಯ್ದಿರಲಿಲ್ಲ. ಆದರೂ ದೊಡ್ಡವರು ಮನೆಮಗಳು ಅಂದರಲ್ಲ ಎಂದು ಕರಗಿ ಸಹಿ ಹಾಕಿದಳು.

ಆಪರೇಷನ್ ದಿನ ಬೆಳಿಗ್ಗೆ ಒಂದು ತೊಡಕಾಯಿತು. ಥಿಯೇಟರಿನಿಂದ ಫೋನು ಬಂತು, ರೋಗಿಯನ್ನು ಕರೆದುಕೊಂಡು ಬನ್ನಿ ಎಂದು. ಸ್ಟ್ರೆಚರ್ ತಳ್ಳುವವರು ಯಾರೂ ಇರಲಿಲ್ಲ. ಆ ವಾರ್ಡಿಗೆ ಆ ಪಾಳಿಯಲ್ಲಿ ತಳ್ಳುವವಳು ಅವಳೇ. ಅವಳೋ ಈಗ ರೋಗಿ.

"ನೀನು ನಡೀತೀಯಲ್ಲ, ನಡ್ಕೊಂಡೇ ಹೋಗ್ಬಿಡು," ಅಂದಳು ಹಿರಿಯ ನರ್ಸು. "ಹಾಗೇ ಈ ಸ್ಟ್ರೆಚರೂ ತಗೊಂಡು ಹೋಗು, ಮೇಲೆ ಬೇಕಂತೆ."

ಹಿಂದೆ ತೆರೆದಿದ್ದ ಆಸ್ಪತ್ರೆಯ ಅಂಗಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಖಾಲಿ ಸ್ಟ್ರೆಚರ್ ತಳ್ಳುತ್ತಾ ಅವಳು ಎರಡು ಮಹಡಿಯ ಇಳಿಜಾರು ಹತ್ತಿದಳು. ಥಿಯೇಟರ್ ಬಾಗಿಲಲ್ಲಿ ಕಾವಲುಗಾರ ರಿಜಿಸ್ಟರ್ ಮುಂದೆ ಚಾಚಿದ. ಸ್ಟ್ರೆಚರ್ ತಂದವರು ಅಲ್ಲಿ ಬರೆಯಬೇಕು. ರೋಗಿಯ ಹೆಸರಿನ ಕಡೆ ತನ್ನ ಹೆಸರು ಬರೆದಳು. ತಳ್ಳಿದವರ ಹೆಸರಿನ ಕಡೆಗೂ ತನ್ನದೇ ಬರೆದು ಸಹಿ ಹಾಕಿದಳು. ಕಾವಲುಗಾರ ಬಿದ್ದುಬಿದ್ದು ನಕ್ಕ. ಅವಳೂ ನಕ್ಕಳು. ಆಮೇಲೆ ತಾನು ತಂದ ಸ್ಟ್ರೆಚರ್ ಮೇಲೆ ತಾನೇ ಹತ್ತಿ ಮಲಗಿದಳು. ಅದೇ ಅವಳು ನೆಟ್ಟಗೆ ನಡೆದ ಕೊನೆಯ ನಡಿಗೆ.

ಮಾರನೆಯ ದಿನ ದೊಡ್ಡ ಡಾಕ್ಟರು ಹಿಂಡಿನ ಸಮೇತ ಬಂದರು.

"ಬಲಗಾಲಿನ ಹೆಬ್ಬೆರಳು ಎತ್ತು."

ಎತ್ತಿದಳು. ಎತ್ತಿದೆ ಅಂದುಕೊಂಡಳು. ತಲೆಯೆತ್ತಿ ನೋಡಿದರೆ ಬೆರಳು ಇದ್ದಲ್ಲೇ ಇತ್ತು. ಹಲ್ಲು ಕಚ್ಚಿ ಮತ್ತೊಮ್ಮೆ ಎತ್ತಿದಳು. ಹಣೆಯಲ್ಲಿ ಬೆವರು ಬಂತು, ಬೆರಳು ಬರಲಿಲ್ಲ.

"ಗುಡ್," ಅಂದರು ಡಾಕ್ಟರು.

"ಎದ್ದಿಲ್ಲ ಸಾರ್."

"ನರಕ್ಕೆ ಸ್ವಲ್ಪ ಕೋಪ ಬಂದಿದೆ. ತಾನಾಗೇ ಸಮಾಧಾನ ಆಗುತ್ತೆ."

ಕೋಪ ಯಾಕೆ ಬಂತು, ಯಾರು ಬರಿಸಿದರು ಎಂದು ಕೇಳುವಷ್ಟರಲ್ಲಿ ಹಿಂಡು ಪಕ್ಕದ ಮಂಚಕ್ಕೆ ಹೋಗಿತ್ತು.

ಮನೆ ಎಂದರೆ ಎರಡು ಕೋಣೆ, ಅವಳು, ಮಗಳು. ಮಗಳು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಗಂಡ ಹೋಗಿ ಬಹಳ ಕಾಲವಾಗಿತ್ತು. ಆ ಕೋಣೆಗಳಲ್ಲಿ ಕ್ರೇನಕ್ಕ ತನ್ನ ಕಾಲಿನ ಹೊಸ ಸ್ವಭಾವ ಕಲಿತಳು. ಹೆಜ್ಜೆಯಿಟ್ಟರೆ ಮುಂಗಾಲು ಏಳದು, ನೆಲಕ್ಕೆ ಪಟ್ ಎಂದು ಬಡಿಯುತ್ತಿತ್ತು. ಹೊಸ್ತಿಲು ದಾಟಲು ಮೊಣಕಾಲನ್ನು ಎದೆಯವರೆಗೆ ಎತ್ತಬೇಕು. ಬಲಗಾಲಿನ ಚಪ್ಪಲಿ ಎಲ್ಲೆಲ್ಲೋ ಕಳಚಿಕೊಳ್ಳುತ್ತಿತ್ತು, ದಾರಿಯವರು "ಅಮ್ಮಾ, ನಿಮ್ಮ ಚಪ್ಪಲಿ" ಎಂದು ಕೂಗಿದಾಗಲೇ ಗೊತ್ತಾಗುವುದು. ಒಮ್ಮೆ ಒಲೆಯ ಮೇಲಿದ್ದ ಬಿಸಿನೀರು ಪಾದದ ಮೇಲೆ ಚೆಲ್ಲಿತು. ಮಗಳು ಕಿರುಚಿದಳು. ತಾಯಿ ಮಾತ್ರ "ಏನಾಯ್ತೇ?" ಎಂದು ಅತ್ತಿತ್ತ ನೋಡಿದಳು. ಅದೇ ಪಾದಕ್ಕೆ ತೆಳ್ಳನೆ ಹೊದಿಕೆ ತಾಗಿದರೆ ಸಾಕು, ಕೆಂಡ ಸುರಿದಂತೆ ಉರಿಯುತ್ತಿತ್ತು. ಬೆಂದದ್ದು ತಿಳಿಯದು, ಬಟ್ಟೆ ಸೋಕಿದರೆ ಬೇಯುತ್ತದೆ. ಇಂಥ ಕಾಲನ್ನು ಯಾರಿಗೆ ಅರ್ಥ ಮಾಡಿಸುವುದು?

ಆಸ್ಪತ್ರೆಗೆ ವಾರಕ್ಕೊಮ್ಮೆ ಹೋಗಿ ಅರ್ಥ ಮಾಡಿಸಲು ನೋಡಿದಳು. ಸೂಜಿ ಚುಚ್ಚಿ, ಕರೆಂಟು ಹಾಯಿಸಿ ನರದ ಪರೀಕ್ಷೆ ಮಾಡಿದರು. ನರ ದಿನಕ್ಕೆ ಒಂದು ಮಿಲಿಮೀಟರ್ ಬೆಳೆಯುತ್ತದೆ, ಬೆಳೆದರೆ, ಎಂದರು. ಆರು ತಿಂಗಳು ಕಾಯಿ ಎಂದರು. ಆರು ಕಳೆದ ಮೇಲೆ ವರ್ಷ ಎಂದರು. ಸಣ್ಣ ಡಾಕ್ಟರೊಬ್ಬ, "ಕೆಲವರು ಮನಸ್ಸಿಗೆ ಹಚ್ಕೊಂಡು ಬಿಡ್ತಾರೆ. ಮನಸ್ಸಿನ ಡಾಕ್ಟರಿಗೆ ತೋರ್ಸಿ" ಎಂದ.

"ನನ್ನ ಮನಸ್ಸು ಹೆಬ್ಬೆರಳಲ್ಲಿ ಇರ್ಲಿಲ್ಲ ಸಾರ್," ಅಂದಳು ಕ್ರೇನಕ್ಕ. "ಆಪರೇಷನ್ ಮಾಡುವಾಗ ಅಲ್ಲಿಗೆ ಇಳಿಸಿದ್ರೇನೋ ಗೊತ್ತಿಲ್ಲ."

ಕೆಲಸದ ವಿಚಾರ ಇನ್ನೂ ಸೊಗಸು. ಅವಳು ನಿಮ್ಮವಳು ಎಂದು ಆಸ್ಪತ್ರೆ, ಆಯಾಗಳನ್ನು ಒದಗಿಸುವ ಗುತ್ತಿಗೆದಾರನಿಗೆ ಹೇಳಿತು. ಪೆಟ್ಟು ಬಿದ್ದದ್ದು ನಿಮ್ಮ ಬಚ್ಚಲಲ್ಲಿ ಎಂದು ಗುತ್ತಿಗೆದಾರ ಆಸ್ಪತ್ರೆಗೆ ಹೇಳಿದ. ಎತ್ತುವಾಗ ಇಬ್ಬರಿಗೂ ಬೇಕಾದವಳು, ಬಿದ್ದ ಮೇಲೆ ಇಬ್ಬರಿಗೂ ಬೇಡವಾದಳು. ಮನೆಮಗಳು ಅಂದವರು ವರಾಂಡದಲ್ಲಿ ಎದುರಾದರೆ ಮೊಬೈಲ್ ಕಿವಿಗಿಟ್ಟುಕೊಳ್ಳುತ್ತಿದ್ದರು. ಫೋನು ಬಂದಿರುತ್ತಿರಲಿಲ್ಲ.

ಮಗಳು ಆರೋಗ್ಯ ಇಲಾಖೆಗೆ ಅರ್ಜಿ ಬರೆದಳು. ನಮ್ಮ ಅಮ್ಮ ನಡೆದುಕೊಂಡು ಒಳಗೆ ಹೋದಳು, ಕಾಲೆಳೆದುಕೊಂಡು ಹೊರಗೆ ಬಂದಳು, ನಡುವೆ ಏನಾಯಿತು ಹೇಳಿ, ಇಷ್ಟೇ. ಉತ್ತರದ ಜೊತೆ ಆಸ್ಪತ್ರೆಯ ಫೈಲಿನ ನಕಲು ಬಂತು. ಮೊದಲ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಹೀಗಿತ್ತು: "ರೋಗಿಗೆ ಶಸ್ತ್ರಚಿಕಿತ್ಸೆಗೆ ಮೊದಲೇ ಬಲಪಾದದ ಬಲ ಪೂರ್ತಿ ಹೋಗಿತ್ತು. ಆಧಾರವಿಲ್ಲದೆ ನಡೆಯಲಾಗುತ್ತಿರಲಿಲ್ಲ."

ಕ್ರೇನಕ್ಕ ಅದನ್ನು ಮಗಳಿಂದ ಕನ್ನಡದಲ್ಲಿ ಮೂರು ಸಲ ಓದಿಸಿಕೊಂಡಳು. ಮೊದಲ ಸಲ ತನಗೇ ಅನುಮಾನ ಬಂತು. ಎರಡನೆಯ ಸಲ ಅಳು ಬಂತು. ಮೂರನೆಯ ಸಲ ಏನೂ ಬರಲಿಲ್ಲ.

ಮಗಳು ಹಾಳೆಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ದಿನವಿಡೀ ಪರರ ಕಾಗದ ತಿರುವುವ ಕಣ್ಣು ಅದು.

"ಅಮ್ಮಾ, ಇಲ್ನೋಡು. ಜೆರಾಕ್ಸ್ ಮಾಡಿದಾಗ ಪಿನ್ನು ಹೊಡೆದ ತೂತು ಕಪ್ಪು ಚುಕ್ಕಿಯಾಗಿ ಬೀಳುತ್ತೆ. ಬೇರೆ ಹಾಳೆಗಳಿಗೆಲ್ಲ ಎರಡು ಜೊತೆ ಚುಕ್ಕಿ ಇವೆ. ಇದೊಂದಕ್ಕೆ ಒಂದೇ ಜೊತೆ."

"ಹಂಗಂದ್ರೆ?"

"ಹಂಗಂದ್ರೆ ಫೈಲು ಬಿಚ್ಚಿದಾರೆ. ಹಳೇ ಹಾಳೆ ತೆಗೆದು ಇದನ್ನ ಸೇರ್ಸಿ ಮತ್ತೆ ಪಿನ್ನು ಹೊಡೆದಿದಾರೆ."

"ಬರೆದೋರು ಡಾಕ್ಟರು ಕಣೇ."

"ಬರೆದೋರು ಡಾಕ್ಟರೇ ಇರಬಹುದು. ಪಿನ್ನು ಹೊಡೆದೋರಿಗೆ ಕೆಲಸ ಬರಲ್ಲ."

ಆಗ ತಾಯಿಗೆ ಥಿಯೇಟರ್ ಬಾಗಿಲಿನ ರಿಜಿಸ್ಟರ್ ನೆನಪಾಯಿತು. ಮಾರನೆಯ ದಿನವೇ ಇಬ್ಬರೂ ಹೋದರು. ಕಾವಲುಗಾರ ಸುತ್ತಮುತ್ತ ನೋಡಿದ.

"ನಾನು ಕೊಟ್ಟೆ ಅಂತ ಹೇಳ್ಬೇಡ ಅಕ್ಕ."

"ನೀನೆಲ್ಲಿ ಕೊಟ್ಟೆ? ಮೇಜಿನ ಮೇಲಿತ್ತು. ನೀನು ನೀರು ಕುಡಿಯೋಕೆ ಹೋಗಿದ್ದೆ."

ಅವನು ನೀರು ಕುಡಿಯಲು ಹೋದ. ಬಹಳ ಬಾಯಾರಿಕೆಯಾಗಿತ್ತೇನೋ, ನಿಧಾನವಾಗಿ ಬಂದ. ಮಗಳು ಅಷ್ಟರಲ್ಲಿ ಆ ಪುಟದ ಫೋಟೊ ತೆಗೆದುಕೊಂಡಿದ್ದಳು. ಸಂಜೆಗೆ ಅಂಗಡಿಯಲ್ಲಿ ಐವತ್ತು ಪ್ರತಿ ತೆಗೆದಳು.

ಹತ್ತು ದಿನ ಕಳೆದು ಸೂಪರಿಂಟೆಂಡೆಂಟರ ಕೋಣೆಯಿಂದ ಕರೆ ಬಂತು. ಬೆಳಿಗ್ಗೆ ಹನ್ನೊಂದು ಗಂಟೆ. ಮೇಜಿನ ಆಚೆ ಸೂಪರಿಂಟೆಂಡೆಂಟರು, ಪಕ್ಕದಲ್ಲಿ ದೊಡ್ಡ ಡಾಕ್ಟರು, ಗೋಡೆಗೊರಗಿ ಸೂಪರ್‌ವೈಸರ್. ಮೇಜಿನ ಈಚೆ ಒಂದು ಕುರ್ಚಿ. ಅದರ ಮೇಲೆ ಫೈಲುಗಳು ಕೂತಿದ್ದವು. ಕ್ರೇನಕ್ಕ ನಿಂತಳು. ಬಾಗಿಲ ಹೊರಗೆ ಮಗಳು.

"ನಿನ್ನ ಮೇಲೆ ನಮಗೆ ಕನಿಕರ ಇದೆ," ಅಂದರು ಸೂಪರಿಂಟೆಂಡೆಂಟರು. "ಕೂತು ಮಾಡೋ ಕೆಲಸ ಕೊಡ್ತೀವಿ. ಐಸಿಯು ಬಾಗಿಲಲ್ಲಿ ಚಪ್ಪಲಿ ಕಾಯೋದು. ಜನ ಬಿಟ್ಟು ಹೋಗ್ತಾರೆ, ನೀನು ಟೋಕನ್ ಕೊಡೋದು. ಇಲ್ಲೊಂದು ಸಹಿ ಹಾಕ್ಬಿಡು."

"ಏನ್ ಬರ್ದಿದೆ ಸಾರ್?"

"ಏನಿಲ್ಲ. ಕಾಲು ಮೊದಲಿಂದ್ಲೂ ಹೀಗೇ ಇತ್ತು, ನಂಗೆ ಯಾರ ಮೇಲೂ ದೂರಿಲ್ಲ ಅಂತ."

ತನ್ನ ಕಾಲಿನ ಚಪ್ಪಲಿ ಬಿದ್ದದ್ದು ತಿಳಿಯದವಳಿಗೆ ಊರವರ ಚಪ್ಪಲಿ ಕಾಯುವ ಕೆಲಸ. ಅವಳಿಗೆ ನಗು ಬಂತು. ತಡೆಯಲಿಲ್ಲ.

"ನಗೋದೇನಿದೆ?" ಸೂಪರ್‌ವೈಸರ್ ಗದರಿದ.

"ಚಪ್ಪಲಿ ಬಿಟ್ಟು ಹೋದೋರಿಗೆ ಟೋಕನ್ ಕೊಡ್ತೀರಿ. ನಾನು ಕಾಲು ಬಿಟ್ಟು ಹೋದಾಗ್ಲೂ ಒಂದು ಕೊಟ್ಟಿದ್ರೆ ಇವತ್ತು ತೋರಿಸಿ ವಾಪಸ್ ತಗೊಳ್ತಿದ್ದೆ."

ದೊಡ್ಡ ಡಾಕ್ಟರು ಮೊದಲ ಸಲ ಅವಳ ಮುಖ ನೋಡಿದರು. "ನೋಡಮ್ಮ, ಈ ಆಪರೇಷನ್‌ನಲ್ಲಿ ನರಕ್ಕೆ ತೊಂದರೆ ಆಗೋದುಂಟು. ನೂರಕ್ಕೆ ಒಬ್ಬರಿಗೋ ಇಬ್ಬರಿಗೋ. ಯಾರ ತಪ್ಪೂ ಅಲ್ಲ."

"ಹಂಗಂತ ಬರೀಬೇಕಿತ್ತು ಸಾರ್. ಕೈ ತಪ್ಪೋದುಂಟು. ನನ್ನ ಕೈಯಿಂದ್ಲೂ ಹತ್ತೊಂಬತ್ತು ವರ್ಷದಲ್ಲಿ ಒಬ್ಬರು ಜಾರಿದ್ರು. ನಾನು ಅವತ್ತೇ ಒಪ್ಕೊಂಡೆ, ಬೈಗುಳ ತಿಂದೆ. ಅವರು ಮೊದ್ಲಿಂದ್ಲೂ ನೆಲದ ಮೇಲೇ ಇದ್ರು ಅಂತ ನಾನು ಹೇಳ್ಲಿಲ್ಲ."

ಅವಳು ಸೆರಗಿನೊಳಗಿಂದ ರಿಜಿಸ್ಟರ್ ಪುಟದ ಪ್ರತಿ ತೆಗೆದು ಮೇಜಿನ ಮೇಲಿಟ್ಟಳು.

"ಆಧಾರ ಇಲ್ದೆ ನಡೆಯೋಕಾಗ್ತಿರ್ಲಿಲ್ಲ ಅಂತ ಬರ್ದಿದೀರಿ. ಆಪರೇಷನ್ ದಿನ ಎರಡು ಮಹಡಿ ಸ್ಟ್ರೆಚರ್ ತಳ್ಳಿದ್ದು ಯಾರು ಸಾರ್? ರೋಗಿಯ ಹೆಸರು ಓದಿ. ತಳ್ಳಿದೋರ ಹೆಸರೂ ಓದಿ."

ಮೂವರೂ ಓದಿದರು. ಸೂಪರ್‌ವೈಸರ್ ಎರಡು ಸಲ ಓದಿದ, ಅವನಿಗೆ ಸ್ವಲ್ಪ ನಿಧಾನ.

"ಈ ಕಾಗದ ನಿನಗೆ ಹೇಗೆ ಸಿಕ್ತು?" ಸೂಪರಿಂಟೆಂಡೆಂಟರು ಕೇಳಿದರು.

"ಕಾಲು ಹೇಗೆ ಹೋಯ್ತು ಅಂತ ನೀವು ಹೇಳಿ. ಕಾಗದ ಹೇಗೆ ಬಂತು ಅಂತ ನಾನು ಹೇಳ್ತೀನಿ. ನಾನು ಸಹಿ ಹಾಕಲ್ಲ."

"ಹಾಗಾದ್ರೆ ಕೆಲಸಾನೂ ಇಲ್ಲ."

"ಕಾಲೇ ಇಲ್ಲ ಸಾರ್. ಕೆಲಸ ಇಟ್ಕೊಂಡು ಎಲ್ಲಿ ನಿಂತ್ಕೊಳ್ಲಿ?"

ಪಟ್, ಪಟ್ ಎಂದು ಹೊರಗೆ ಬಂದಳು. ಬಾಗಿಲಾಚೆ ಮಗಳೊಬ್ಬಳೇ ಇರಲಿಲ್ಲ. ಬೆಳಗಿನ ಪಾಳಿಯ ಆಯಾಗಳು ಹನ್ನೆರಡು ಮಂದಿ ಗೋಡೆಯುದ್ದಕ್ಕೂ ನಿಂತಿದ್ದರು. ಎಲ್ಲರ ಕೈಯಲ್ಲೂ ಮಗಳು ಹಂಚಿದ ಒಂದೊಂದು ಪ್ರತಿ. ಎಲ್ಲರ ಸೊಂಟದಲ್ಲೂ ಒಂದೊಂದು ಬೆಲ್ಟು. ಅವರಲ್ಲಿ ಕಡ್ಡಿಯಂತಿದ್ದವಳೊಬ್ಬಳನ್ನು ಸಣ್ಣಿ ಅನ್ನುತ್ತಿದ್ದರು. ಅವಳೇ ಕೇಳಿದಳು:

"ಸಹಿ ಹಾಕಿದ್ಯಾ?"

"ಇಲ್ಲ."

"ಸರಿ. ಇವತ್ತು ನಾವೂ ಎತ್ತಲ್ಲ."

ಕ್ರೇನಕ್ಕ ಅವರೆದುರು ನಿಂತು ಒಂದೇ ಮಾತು ಹೇಳಿದಳು. "ಜೀವಕ್ಕೆ ಅಪಾಯ ಇರೋರು ಬಂದ್ರೆ ಎತ್ತಬೇಕು. ಹೆರಿಗೆ ಬಂದ್ರೆ ಎತ್ತಬೇಕು. ಮಿಕ್ಕಿದ್ದು ದೊಡ್ಡೋರಿಗೆ ಬಿಡಿ. ಓದ್ಕೊಂಡಿದಾರೆ, ಎತ್ತೋದು ಕಷ್ಟ ಆಗಲ್ಲ."

ಓಣಿಯಲ್ಲಿ ಒಂದು ಸ್ಟ್ರೆಚರ್ ನಿಂತಿತ್ತು. ಮೊಣಕಾಲಿನ ಆಪರೇಷನ್ನಿಗೆ ಬಂದಿದ್ದ ಭಾರಿ ಗಾತ್ರದ ಯಜಮಾನರು. ಪ್ರಾಣಕ್ಕೇನೂ ತೊಂದರೆಯಿಲ್ಲ, ಬೆಳಿಗ್ಗೆಯಿಂದ ತಿಂದಿರಲಿಲ್ಲವಾದ್ದರಿಂದ ಸಿಟ್ಟು ಮಾತ್ರ ಬಂದಿತ್ತು. ಅಲ್ಲೇ ಎದುರಿನ ಎಕ್ಸ್‌ರೇ ಕೋಣೆಯ ಮೇಜಿಗೆ ಸರಿಸಬೇಕು. ಸೂಪರ್‌ವೈಸರ್ ಬಂದು ಆಯಾಗಳನ್ನು ಕೂಗಿದ. ಯಾರೂ ಕದಲಲಿಲ್ಲ. ಬಯ್ದ. ಅವರು ಕೈಕಟ್ಟಿ ನಿಂತದ್ದನ್ನು ಅವನು ಮೊದಲ ಸಲ ನೋಡುತ್ತಿದ್ದ.

"ಯಂತ್ರ ತನ್ನಿ!" ಅಂದರು ಸೂಪರಿಂಟೆಂಡೆಂಟರು.

ಬಿಳಿ ಬಟ್ಟೆ ತೆಗೆದರು. ನಡೆಸುವುದು ಯಾರಿಗೂ ಗೊತ್ತಿರಲಿಲ್ಲ. ಬ್ಯಾಟರಿ ಸತ್ತು ವರ್ಷವಾಗಿತ್ತು.

ಯಜಮಾನರು ಮಲಗಿದಲ್ಲಿಂದಲೇ ರೇಗಿದರು. "ಏನ್ ಸ್ವಾಮಿ ಇದು? ನನ್ನನ್ನ ಸಾಮಾನು ಥರ ಇಲ್ಲಿ ಬಿಟ್ಟಿದೀರಲ್ಲ!"

ಕ್ರೇನಕ್ಕ ಹತ್ತಿರ ಹೋಗಿ ಅವರ ತಲೆದಿಂಬು ಸರಿಮಾಡಿದಳು. "ಐದು ನಿಮಿಷ ತಡ್ಕೊಳ್ಳಿ ಅಣ್ಣ. ಇವತ್ತು ನಿಮಗೆ ಭಾಗ್ಯ. ದೊಡ್ಡ ಡಾಕ್ಟರೇ ಎತ್ತುತಾರೆ."

ಬೇರೆ ದಾರಿಯಿರಲಿಲ್ಲ. ದೊಡ್ಡ ಡಾಕ್ಟರು ತಲೆಯ ಕಡೆ, ಸೂಪರಿಂಟೆಂಡೆಂಟರು ಸೊಂಟದ ಕಡೆ, ಸೂಪರ್‌ವೈಸರ್ ಕಾಲಿನ ಕಡೆ ನಿಂತರು.

"ಮೊಣಕಾಲು ಬಗ್ಗಿಸಿ ಸಾರ್," ಸಣ್ಣಿ ಗೋಡೆಯ ಬಳಿಯಿಂದಲೇ ಹೇಳಿದಳು. "ಬೆನ್ನು ಬಗ್ಗಿಸ್ಬೇಡಿ. ಒಂದು... ಎರಡು... ಹಾಂ!"

ಎತ್ತಿದರು. ಯಜಮಾನರು ನಡುದಾರಿಯಲ್ಲಿ ಒಮ್ಮೆ ಜೋತು, ಒಮ್ಮೆ ಬೈದು, ಕೊನೆಗೆ ಮೇಜು ಸೇರಿದರು. ದೊಡ್ಡ ಡಾಕ್ಟರು ನೆಟ್ಟಗಾಗಲು ಹೋಗಿ "ಅಮ್ಮಾ" ಎಂದು ಸೊಂಟ ಹಿಡಿದುಕೊಂಡರು. ಹನ್ನೆರಡು ಮಂದಿಯಲ್ಲಿ ಯಾರೋ ಒಬ್ಬಳು ಕಿಸಕ್ಕೆಂದಳು.

"ಜೋಪಾನ ಸಾರ್," ಅಂದಳು ಕ್ರೇನಕ್ಕ. "ಹೆಚ್ಚಾದ್ರೆ ಸಣ್ಣ ಆಪರೇಷನ್ ಇದೆ."

ಡಾಕ್ಟರ ಮುಖ ಕೆಂಪಾಯಿತು. ಬಯ್ಯಲು ಬಾಯಿ ತೆರೆದರು. ಎದುರಿಗೆ ಹನ್ನೆರಡು ಪ್ರತಿಗಳು, ಹಿಂದೆ ಇನ್ನೂ ನಾಲ್ಕು ಸ್ಟ್ರೆಚರುಗಳು. ಓಣಿಯಲ್ಲಿ ರೋಗಿಗಳ ಕಡೆಯವರು ಆ ಕಾಗದವನ್ನು ಒಬ್ಬರಿಂದೊಬ್ಬರು ಇಸಿದುಕೊಂಡು ಓದುತ್ತಿದ್ದರು. ಡಾಕ್ಟರು ಬೈಗುಳ ನುಂಗಿಕೊಂಡು ಕೇಳಿದರು:

"ಏನು ಬೇಕು ನಿನಗೆ?"

"ಹೊಸದೇನೂ ಬೇಡ. ತೆಗೆದುಹಾಕಿದ ಹಾಳೇಲಿ ಏನಿತ್ತೋ ಅದು ಬೇಕು. ನಿಮ್ಮ ಕೈಯಾರೆ. ನನಗೆ ಓದೋಕೆ ಬರೋ ಭಾಷೇಲಿ."

ಫೈಲು ತರಿಸಿದರು. ಎಕ್ಸ್‌ರೇ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತು ದೊಡ್ಡ ಡಾಕ್ಟರು ಬರೆದರು. ಸೂಪರಿಂಟೆಂಡೆಂಟರು ಪಕ್ಕದಲ್ಲಿ ನಿಂತು ಸಹಿ ಹಾಕಿದರು. ಮಗಳು ಅಲ್ಲೇ ಫೋಟೊ ತೆಗೆದಳು.

ಆ ಬರಹದಿಂದ ಕಾಲು ಏಳಲಿಲ್ಲ. ಅದನ್ನೇ ಹಿಡಿದು ಹೋದ ವಿಚಾರಣೆ ಮುಂದೆ ಎರಡು ವರ್ಷ ಎಳೆಯಿತು. ತೀರ್ಪು ಅವಳ ಕಡೆಗೇ ಬಂದರೂ ಅಷ್ಟರಲ್ಲಿ ನರ ಸತ್ತೇಹೋಗಿತ್ತು. ಇಂದಿಗೂ ಅವಳು ಪಾದಕ್ಕೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿಕೊಂಡೇ ನಡೆಯುತ್ತಾಳೆ, ಹೊದಿಕೆಯ ಅಂಚನ್ನು ಕಾಲಿಗೆ ತಾಗದಂತೆ ಮಡಚಿಕೊಂಡೇ ಮಲಗುತ್ತಾಳೆ. ಆ ಆಸ್ಪತ್ರೆಯಲ್ಲಿ ಈಗ ಒಬ್ಬ ರೋಗಿಯನ್ನು ಎತ್ತಲು ಇಬ್ಬರು ಬರುತ್ತಾರೆ, ಅಷ್ಟಾಯಿತು. ಆದರೆ ಆ ಮಧ್ಯಾಹ್ನ ಯಾರಿಗೂ ಇದೊಂದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ, ದೊಡ್ಡ ಡಾಕ್ಟರು ಬರೆದು ಮುಗಿಸಿ ಹಾಳೆಯನ್ನು ಅವಳತ್ತ ಚಾಚಿದ್ದರು.

ಕ್ರೇನಕ್ಕ ಹಾಳೆಯನ್ನು ಹತ್ತಿರ ಹಿಡಿದಳು, ದೂರ ಹಿಡಿದಳು.

"ಅಕ್ಷರ ಗೊತ್ತಾಗಲ್ಲ ಸಾರ್. ಔಷಧಿ ಚೀಟಿ ಥರ ಇದೆ. ನೀವೇ ಓದ್ಬಿಡಿ."

ಅವರು ತಲೆ ಬಗ್ಗಿಸಿಕೊಂಡು ಓದಿದರು. "ಶಸ್ತ್ರಚಿಕಿತ್ಸೆಗೆ ಮೊದಲು ಬಲಪಾದ ಸರಿಯಿತ್ತು. ರೋಗಿ ತಾನೇ ನಡೆದು ಬಂದರು. ಚಿಕಿತ್ಸೆಯ ವೇಳೆ ನರಕ್ಕೆ ಪೆಟ್ಟಾಗಿ ಪಾದದ ಬಲ ಹೋಗಿದೆ."

ಮಗಳು ತಾಯಿಯ ತೋಳು ಹಿಡಿದುಕೊಂಡಳು. ಕ್ರೇನಕ್ಕ ಒಮ್ಮೆ ಹಿಂತಿರುಗಿ, ಗೋಡೆಯುದ್ದಕ್ಕೂ ನಿಂತವರನ್ನು ಕೊನೆಯವಳವರೆಗೆ ನೋಡಿದಳು.

"ಗಟ್ಟಿಯಾಗಿ ಓದಿ ಸಾರ್," ಅಂದಳು. "ಹಿಂದಿನೋರಿಗೆ ಕೇಳಿಸ್ಲಿಲ್ಲ."